ಕಾಕಾನ ಹಸಿ ಬೇಸಿಗೆ

ನಮ್ಮ ಕಾಕಾನ ಮನೆಯಲ್ಲಿ ಬೇಸಿಗೆ ಬಂತೆಂದರೆ ಒಲೆಯಲ್ಲಿ ಬೆಕ್ಕು ಮಲಗುತ್ತಿತ್ತು. ಇದನ್ನು ಓದಿ ಅಯ್ಯೋ ಪಾಪ ಎಂದು ಮರುಗಬೇಡಿ. ಬಡತನವೇನೂ ಇರಲಿಲ್ಲ. ಇಳಕಲ್ಲಿನ ಪೇಟೆಯಲ್ಲಿ ನೇಕಾರರಿಗೆ ನೂಲು ಮಾರುವ ಅಂಗಡಿಯಿತ್ತು, ಚೀಲಗಳಲ್ಲಿ ಜೋಳವಿತ್ತು, ಅಟ್ಟದ ಮೇಲೆ ಉಳ್ಳಾಗಡ್ಡಿಯಿತ್ತು. ಒಲೆ ಹಚ್ಚುವುದಕ್ಕೆ ಕಾಕಾನ ಒಪ್ಪಿಗೆ ಮಾತ್ರ ಇರಲಿಲ್ಲ. ಬೆಕ್ಕಿಗೆ ಈ ಸಂಗತಿ ಹೇಗೆ ತಿಳಿಯುತ್ತಿತ್ತೋ! ಶಿವರಾತ್ರಿ ಮುಗಿದದ್ದೇ ತಡ, ಬೂದಿಯನ್ನು ಕಾಲಿನಿಂದ ಹದಮಾಡಿಕೊಂಡು ಒಲೆಯೊಳಗೆ ಹೊಕ್ಕರೆ, ಮುಂಗಾರಿನ ಮಿರಗದ ಮಳೆ ಬೀಳುವ ತನಕ ಅದರ ವಿಳಾಸ ಅದೇ.

ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದ ನಾನು, ನಮ್ಮ ಅಪ್ಪನ ತಮ್ಮನಾದ ಈ ಕಾಕಾನ ಮನೆಯಲ್ಲೇ ಉಳಿದುಕೊಂಡೆ. ಅಲ್ಲಿಯವರೆಗೆ ನಾನು ಬಾಗಲಕೋಟೆಯ ವಸತಿನಿಲಯದಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಹಸಿವಾಗಿದೆಯೋ ಇಲ್ಲವೋ ಎಂದು ಹೊಟ್ಟೆಯನ್ನು ಕೇಳುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಕಾಕಾ ಇದಕ್ಕೆ ಪೂರ್ತಿ ವಿರುದ್ಧ. ಅವರ ಊಟಕ್ಕೆ ಹೊತ್ತಿಲ್ಲ, ತಾಟಿಲ್ಲ, ಕೂಡ್ರುವ ಜಾಗವಿಲ್ಲ. ಅಂಗಡಿಗೆ ಹೋಗುವಾಗ ಒಂದು ಗಜ್ಜರಿ, ಎಂದರೆ ಕ್ಯಾರೆಟ್ಟು, ಬರುವಾಗ ಒಂದು ಸೌತೆಕಾಯಿ. ಊಟವಾಯಿತೇ ಎಂದು ಯಾರಾದರೂ ಕೇಳಿದರೆ, "ನಡದೈತಿ" ಎನ್ನುತ್ತಿದ್ದರು.

ಈ ಹುಚ್ಚು ಹತ್ತಿದ್ದು ನಾನು ಹೋದ ಮೇಲಿನ ಮೊದಲ ಶಿವರಾತ್ರಿಯ ಹೊತ್ತಿಗೆ, ಬಾಗಲಕೋಟೆಯಲ್ಲಿ; ಮುಂದಿನದೆಲ್ಲ ಆ ಬೇಸಿಗೆಯ ಮಾತು. ನೂಲು ತರಲು ಹೋದವರು ಅಲ್ಲಿ ಯಾರೋ ಪ್ರಕೃತಿ ಚಿಕಿತ್ಸೆಯ ಬಗ್ಗೆ ಮಾಡಿದ ಭಾಷಣ ಕೇಳಿದರು. ಸಂಜೆ ಬಸ್ಸಿಳಿದು ಬಂದಾಗ ಕೈಯಲ್ಲಿ ಒಂದು ಕಟ್ಟು ಮೆಂತ್ಯಸೊಪ್ಪು ಇತ್ತು. ನೂಲು ಇರಲಿಲ್ಲ.

"ಹುಲಿ ಒಲಿ ಹಚ್ಚತೈತೇನು? ಆನಿ ರೊಟ್ಟಿ ಬಡಿತೈತೇನು?" ಎಂದು ಪಡಸಾಲೆಯಲ್ಲಿ ನಿಂತು ಕೇಳಿದರು. "ಅವು ಎಂದರ ದವಾಖಾನಿಗೆ ಹೋಗಿದ್ದು ನೋಡೀರೇನು?"

"ಆನಿ ನೂಲಿನ ಅಂಗಡಿನೂ ಇಟ್ಟಿಲ್ಲ" ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು. "ನೀವೂ ಹಂಗಾರ ಅಡವಿಗೆ ನಡೀರಿ."

ಕಾಕಾ ಅಡವಿಗೆ ಹೋಗಲಿಲ್ಲ. ಅಡವಿಯನ್ನೇ ಮನೆಗೆ ತಂದರು. ನೆನೆಸಿದ ಮಡಿಕೆಕಾಳು, ಮೊಳಕೆ ಬಂದ ಹೆಸರು, ಹಕ್ಕರಕಿ ಸೊಪ್ಪು, ಎಳೆಯ ಮೂಲಂಗಿ, ಕಲ್ಲಂಗಡಿ, ಮಾವಿನಕಾಯಿ. ನಮ್ಮ ಸೀಮೆಯ ಜನ ಹಸಿ ತಿನ್ನುವುದಕ್ಕೆ ಹೆದರುವವರಲ್ಲ ಬಿಡಿ. ರೊಟ್ಟಿಯ ಜೊತೆಗೆ ಹಸಿ ಉಳ್ಳಾಗಡ್ಡಿ ಇಲ್ಲದಿದ್ದರೆ ಉಂಡಂತೆಯೇ ಅಲ್ಲ. ಆದರೆ ರೊಟ್ಟಿಯನ್ನು ತೆಗೆದು ಬರೀ ಉಳ್ಳಾಗಡ್ಡಿ ಉಳಿಸಿದವರು ನಮ್ಮ ಕಾಕಾ ಒಬ್ಬರೇ.

ಇದೆಲ್ಲ ನಗೆಯ ಮಾತಾಗಿಯೇ ಉಳಿಯಬಹುದಿತ್ತು, ಮನೆಯಲ್ಲಿ ಗಿರಿಜೆ ಇರದಿದ್ದರೆ. ಗಿರಿಜೆ ಕಾಕಾನ ಒಬ್ಬಳೇ ಮಗಳು. ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಬಂದ ಗಂಡುಗಳೆಲ್ಲ ಓದಿದ ಹುಡುಗಿ ಬೇಕು, ಕೆಲಸಕ್ಕೆ ಹೋಗುವ ಹುಡುಗಿ ಬೇಡ ಎನ್ನುವವರೇ. ಆ ವರ್ಷ ಕುಳಗೇರಿ ಕ್ರಾಸಿನಿಂದ ಒಂದು ಮಾತು ಬಂತು. ಹುಡುಗ ಬಾದಾಮಿಯಲ್ಲಿ ಮಾಸ್ತರ. ತಂದೆಯದು ಕ್ರಾಸಿನಲ್ಲಿ ಕಿರಾಣಿ ಅಂಗಡಿ. ಹುಡುಗಿ ನೌಕರಿ ಮಾಡಿದರೆ ಮಾಡಲಿ, ನಮ್ಮದೇನೂ ತಕರಾರಿಲ್ಲ ಎಂದು ಅವರೇ ಮೊದಲು ಹೇಳಿ ಕಳಿಸಿದ್ದರು. ಎಂದೂ ಬಾಯಿಬಿಟ್ಟು ಏನನ್ನೂ ಕೇಳದ ಗಿರಿಜೆ ಅಂದು ತಲೆ ಬಾಚಿಕೊಳ್ಳುತ್ತ ನನಗೆ ಹೇಳಿದಳು: "ಅಕ್ಕಾ, ಇದೊಂದು ಕೂಡಿ ಬಂದ್ರ ಸಾಕು ನೋಡು." ಉಗಾದಿ ಮುಗಿದ ಮೇಲೆ ಅವರು ಹೆಣ್ಣು ನೋಡಲು ಬರುವುದೆಂದು ಆಯಿತು.

"ಅವರು ಬರೂದ್ರಾಗ ಒಲಿ ಹಚ್ಚಬೇಕ್ರಿ" ಎಂದಳು ಕಾಕು.

"ಬರ್ಲಿ, ಬರ್ಲಿ. ಒಂದೊಂದು ಸೌತಿಕಾಯಿ ಕೊಡೂಣು" ಎಂದರು ಕಾಕಾ.

ಉಗಾದಿಯ ಹೋಳಿಗೆಯೂ ಆ ವರ್ಷ ಇಲ್ಲವಾಯಿತು. ಬೇವು ಮಾತ್ರ ಸಾಕು, ಅದೇ ನಿಜವಾದ ಹಬ್ಬ ಎಂದು ಅಪ್ಪಣೆಯಾಯಿತು. ಬೇವಿನ ಹೂವಿಗೆ ಬೆಲ್ಲ ಬೆರೆಸುವುದನ್ನು ನೋಡಿ ನಾನು ಸುಮ್ಮನಿರಲಾರದೆ ಕೇಳಿದೆ: "ಕಾಕಾ, ಬೆಲ್ಲ ಬೆಂಕಿ ಮ್ಯಾಲ ಕುದ್ದದ್ದಲ್ಲೇನ್ರಿ?"

ಕಾಕಾ ತುಸು ಯೋಚಿಸಿದರು. "ಕುದ್ದದ್ದು ಖರೆ, ಅಕ್ಕೋರ. ಆದ್ರ ಅದು ನಮ್ಮ ಮನಿ ಬೆಂಕಿ ಅಲ್ಲಲ್ಲ."

ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಕಾಕಾ ನನ್ನನ್ನು ಹಾಗೆ ಕರೆದರೆಂದರೆ ವಾದದಲ್ಲಿ ಸೋತಿದ್ದಾರೆ, ಒಪ್ಪುವ ವಿಚಾರವಿಲ್ಲ ಎಂದು ಅರ್ಥ. ಇದೇ ನ್ಯಾಯದ ಮೇಲೆ ಅವಲಕ್ಕಿಯೂ ಪಾರಾಯಿತು. ಬೆಂಕಿ ಕಂಡ ಪದಾರ್ಥ ಪರಊರಿನ ಬೆಂಕಿ ಕಂಡಿದ್ದರೆ ದೋಷವಿಲ್ಲ!

ಆಹಾರದ್ದು ಹೀಗಾದರೆ ಉಳಿದ ಬಾಳುವೆಯದು ಇನ್ನೊಂದು ಕಥೆ. ಕಾಕಾ ಬೆಳಿಗ್ಗೆ ಹಿತ್ತಿಲ ಬೇವಿನ ಮರದ ಕೆಳಗೆ ಮಲಗಿ, ಹೊಟ್ಟೆಯ ಮೇಲೆ ಒದ್ದೆ ಎರೆಮಣ್ಣು ಬಳಿಸಿಕೊಳ್ಳುತ್ತಿದ್ದರು. ಅದು ಒಣಗಿ ಬಿರುಕು ಬಿಡುವ ತನಕ ಏಳುವಂತಿಲ್ಲ. ಒಂದು ದಿನ ಅವಸರದ ಮೇಲೆ ನೂಲು ಕೇಳಲು ಬಂದ ನೇಕಾರನೊಬ್ಬ ಆ ಹೊಟ್ಟೆಯನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ಕಾಕಾರ, ಇದರಾಗ ಏನು ಬಿತ್ತೀರಿ?"

"ಆರೋಗ್ಯ" ಎಂದರು ಕಾಕಾ, ಅಲುಗಾಡದೆ.

"ಮಳಿ ಆದ ಮ್ಯಾಲ ಬರ್ತೇನಿ ಹಂಗಾರ" ಎಂದು ಅವನು ಎದ್ದುಹೋದ. ಅಂಗಡಿಗೆ ಬಂದವರಿಗೆ ಚಹಾ ತರಿಸುವ ರೂಢಿಯನ್ನೂ ಕಾಕಾ ನಿಲ್ಲಿಸಿ, ನೆನೆಸಿದ ಕಡಲೆಯ ಬಟ್ಟಲು ಮುಂದಿಡತೊಡಗಿದ್ದರು. ನಮ್ಮನ್ನೇನು ಟಾಂಗಾಕ್ಕೆ ಹೂಡುತ್ತೀರೇನು ಎಂದು ಗಿರಾಕಿಗಳು ಕೇಳುತ್ತಿದ್ದರು. ಆದರೂ ತಿನ್ನುತ್ತಿದ್ದರು.

ಎಲ್ಲಕ್ಕಿಂತ ಆಶ್ಚರ್ಯವೆಂದರೆ ಕಾಕು. ಮೊದಲ ವಾರ ಸಿಟ್ಟಿನಿಂದ ಪಾತ್ರೆಗಳನ್ನು ಕುಕ್ಕಿದಳು. ಎರಡನೆಯ ವಾರ ಕುಕ್ಕಲು ಪಾತ್ರೆಗಳೇ ಇಲ್ಲ ಎಂಬುದು ಅವಳ ಲಕ್ಷ್ಯಕ್ಕೆ ಬಂತು. ತಿಕ್ಕುವುದಿಲ್ಲ, ಬಡಿಯುವುದಿಲ್ಲ, ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ತರಿಸಿಕೊಳ್ಳುವುದಿಲ್ಲ. ಗ್ಯಾಸ್ ಎಂಬುದು ನಮ್ಮ ಓಣಿಗೆ ಇನ್ನೂ ಬಂದಿರದ ಕಾಲ. ಇಳಕಲ್ಲಿನ ಬಿಸಿಲಿನಲ್ಲಿ ಒಲೆಯ ಮುಂದೆ ಕೂಡ್ರುವುದೆಂದರೆ ಎರಡು ಒಲೆಗಳ ನಡುವೆ ಕೂತಂತೆ. ಕಾಕು ಮಧ್ಯಾಹ್ನ ಕಟ್ಟೆಯ ಮೇಲೆ ಓಣಿಯ ಹೆಂಗಸರ ಜೊತೆ ಚೌಕಾಬಾರಾ ಆಡತೊಡಗಿದಳು. "ಇವರು ಅಂದದ್ದು ಸುಳ್ಳೇನಲ್ಲ ಬಿಡು, ಮೈ ಹಗುರ ಆಗೇತಿ" ಎಂದು ನನಗೇ ಉಪದೇಶ ಮಾಡಿದಳು. ನಾನು ನಿಯಮದವಳು, ಯಾವ ಮನೆಯಲ್ಲಿದ್ದರೆ ಆ ಮನೆಯ ನಿಯಮ. ಶಾಲೆಯಲ್ಲಿ ಗೆಳತಿಯ ಡಬ್ಬಿಯ ಅರ್ಧ ರೊಟ್ಟಿ ಮಾತ್ರ ಮನೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ನನ್ನ ತಿಳುವಳಿಕೆ.

ಈಗ ಒಂದು ಮಾತು ಹೇಳಬೇಕು. ನಮ್ಮಲ್ಲಿ ಒಲೆ ಹಚ್ಚದಿರುವುದಕ್ಕೆ ಒಂದೇ ಅರ್ಥ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರು ಬಿಜ್ಜರು ಬುತ್ತಿ ಕಟ್ಟಿಕೊಂಡು ಬಂದು ಉಣ್ಣಿಸುತ್ತಾರೆ. ಹಸಿ ಊಟದ ಉತ್ಸಾಹದಲ್ಲಿ ನಾವೆಲ್ಲ ಇದನ್ನು ಮರೆತಿದ್ದೆವು. ನಮ್ಮ ಓಣಿಯಿಂದ ಮರೋಳಕ್ಕೆ ಹೋದ ಯಾರೋ ಕಾಕುವಿನ ತವರಿನಲ್ಲಿ, "ಇಳಕಲ್ಲಾಗ ನಿಮ್ಮ ಅಕ್ಕನ ಮನ್ಯಾಗ ಒಲಿ ಹಚ್ಚಿಲ್ಲ" ಎಂದಷ್ಟೇ ಹೇಳಿ ಬಸ್ಸು ಹಿಡಿದರಂತೆ. ಮರುದಿನ ಮುಂಜಾನೆ ಕಾಕುವಿನ ತಮ್ಮ, ಅವನ ಹೆಂಡತಿ, ಇನ್ನಿಬ್ಬರು ಹೆಂಗಸರು ರೊಟ್ಟಿಯ ಗಂಟು ಹೊತ್ತು, ಓಣಿಯ ತುದಿಯಿಂದಲೇ ಅಳುತ್ತ ಬಂದರು. ಹೊಸ್ತಿಲು ದಾಟಿ ನೋಡಿದರೆ ಕಾಕಾ ತಲೆಯ ಮೇಲೆ ಒದ್ದೆ ವಸ್ತ್ರ ಹಾಕಿಕೊಂಡು ಕಲ್ಲಂಗಡಿ ತಿನ್ನುತ್ತಿದ್ದಾರೆ. ತಲೆಯ ಮೇಲಿನ ವಸ್ತ್ರ ಸೂತಕದ್ದೆಂದೇ ತಿಳಿದು ಅಳು ಇನ್ನಷ್ಟು ಏರಿತು.

"ಯಾರು ಹ್ವಾದ್ರೋ ಮಾವಾ" ಎಂದು ಕಾಕುವಿನ ತಮ್ಮ ಕಾಲ ಬುಡದಲ್ಲಿ ಕುಸಿದ.

"ಯಾರೂ ಹೋಗಿಲ್ಲ" ಎಂದರು ಕಾಕಾ, ಬೀಜ ಉಗುಳುತ್ತ. "ಒಲಿ ಹೋಗೇತಿ."

ಅಳು ನಿಂತು, ನಗುವೋ ಬೈಗಳೋ ತಿಳಿಯದ ಒಂದು ಗದ್ದಲವಾಗಿ, ಕೊನೆಗೆ ತಂದ ಬುತ್ತಿಯನ್ನು ತಂದವರೇ ಉಂಡರು. ನಾನೂ ಉಂಡೆ. ಪರಊರಿನ ಬೆಂಕಿ ಕಂಡ ಬುತ್ತಿ, ದೋಷವಿಲ್ಲ.

ಆದರೆ ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ಕುಳಗೇರಿ ಕ್ರಾಸಿನಲ್ಲಿ ನಿಲ್ಲದ ಬಸ್ಸಿಲ್ಲ, ಇಳಿಯದ ಸುದ್ದಿಯಿಲ್ಲ. ಇಳಕಲ್ಲಿನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮ ಮನೆಯ ಸುದ್ದಿ ಎಷ್ಟು ಬಸ್ಸು ಬದಲಿಸಿತೋ, ಎಷ್ಟು ಬಾಯಿ ಬದಲಿಸಿತೋ. ಹೆಣ್ಣು ನೋಡುವ ದಿನ ಹತ್ತಿರ ಬಂದಾಗ, ಈ ಸಂಬಂಧದ ಮಾತು ಎತ್ತಿದ್ದ ಅದೇ ಮರೋಳದ ತಮ್ಮ ಮತ್ತೆ ಬಂದ. ಈ ಸಲ ಅಳಲಿಲ್ಲ, ಮುಖ ಮಾತ್ರ ಹಾಗೆಯೇ ಇತ್ತು.

"ಹುಡುಗನ ತಾಯಿ ಕೇಳಾಕತ್ಯಾಳ ಮಾವಾ. ಹುಡುಗಿ ಕೈಯಾಗಿನ ಅಡಿಗಿ ಅಷ್ಟು ಕೆಟ್ಟ ಇರ್ತೈತೇನು ಅಂತ."

"ಯಾರಂದ್ರು ಹಂಗಂತ?" ಎಂದರು ಕಾಕಾ.

"ಎಲ್ಲಾರೂ ಅನ್ನಾಕತ್ಯಾರ. ಮಗಳು ಮಾಡಿದ್ದು ಉಣ್ಣಾಕಾಗದ ಅಪ್ಪ ಹಸೀದ ತಿಂದು ಜೀವ ಉಳಿಸಿಕೊಂಡಾನಂತ."

ನನಗೆ ನಗು ಬಂತು. ಕಾಕುವಿನ ಮುಖ ನೋಡಿ ನುಂಗಿಕೊಂಡೆ. ಒಣಗಿಸಿದ ಅರಿವೆ ತರಲು ಮಾಳಿಗೆಗೆ ಹೋದ ಗಿರಿಜೆ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಅಂದು ಮಾಳಿಗೆಯ ಮೇಲೆ ಒಂದೂ ಅರಿವೆ ಇರಲಿಲ್ಲ. ಕಾಕಾ ಕೈಯಲ್ಲಿದ್ದ ಗಜ್ಜರಿಯನ್ನು ನೋಡುತ್ತ ಕೂತರು, ಕಚ್ಚಲಿಲ್ಲ. ಮರುದಿನ ಮುಂಜಾನೆ ನಾನು ಏಳುವ ಹೊತ್ತಿಗೆ ಹಿತ್ತಿಲಲ್ಲಿ ಕೊಡಲಿಯ ಸಪ್ಪಳ. ಕಾಕಾ ಒಲೆಗೆ ಕಟ್ಟಿಗೆ ಒಡೆಯುತ್ತಿದ್ದರು. ಬೆಕ್ಕನ್ನು ಒಲೆಯಿಂದ ಎತ್ತಿ ಹೊರಗಿಟ್ಟವರೂ ಅವರೇ.

ಅವರು ಬಂದರು. ಹುಡುಗ, ಹುಡುಗನ ತಂದೆ, ಒಬ್ಬ ಸೋದರಮಾವ, ತಾಯಿ. ತಾಯಿ ಗಟ್ಟಿ ಹೆಂಗಸು. ಕ್ರಾಸಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಸ್ಸಿನಿಂದ ಇಳಿಯುವವರನ್ನು ಅಳೆದು ರೂಢಿಯಾದ ಕಣ್ಣು. ಹುಡುಗಿಯನ್ನು ನೋಡಿದರು, ಮಾತಾಡಿಸಿದರು, ತರಬೇತಿಯ ವಿಚಾರ ಕೇಳಿದರು. ಎಲ್ಲ ಸರಿಯಾಗಿಯೇ ನಡೆಯಿತು. ಗಂಡಸರ ಪಂಕ್ತಿಗೆ ತಾಟು ಇಟ್ಟೆವು. ರೂಢಿಯಂತೆ ಕಾಕಾ ಬದಿಗೆ ನಿಂತು ಉಪಚಾರ ಮಾಡುತ್ತಿದ್ದರು. ಆಗ ಅಡಿಗೆಮನೆಯ ಬಾಗಿಲಲ್ಲಿ ಕಾಕುವಿನ ಪಕ್ಕಕ್ಕೆ ಕೂತಿದ್ದ ಆ ತಾಯಿ ಮೆಲ್ಲಗೆ ಹೇಳಿದಳು: "ನೀವೂ ಕೂಡ್ರಿ, ಅಣ್ಣಾರ. ಮೊದಲ ನೀವು ಉಣ್ರಿ. ನೋಡೂಣು."

ಕಾಕಾ ಕೂತರು. ಗಿರಿಜೆ ಬಡಿದ ಬಿಸಿ ರೊಟ್ಟಿ ಬಂತು. ಪಚಡಿ, ಕೋಸಂಬರಿ, ಹೆಚ್ಚಿದ ಸೌತೆಕಾಯಿ, ಮೊಸರು ಮೊದಲೇ ಬಡಿಸಿದ್ದೆ. ಗಿರಿಜೆ ಮಾಡಿದ ತುಂಬು ಬದನೆಕಾಯಿಯ ಬೋಗುಣಿ ನನ್ನ ಕೈಯಲ್ಲಿತ್ತು. ಕಾಕಾನ ತಾಟಿಗೆ ಒಂದು ಕಾಯಿ ಇಟ್ಟೆ. ಎಲ್ಲರೂ ನೋಡುತ್ತಿದ್ದರು. ಗಿರಿಜೆ ಒಲೆಯ ಮುಂದಿನಿಂದ ಕತ್ತು ಹೊರಳಿಸಿ ನೋಡುತ್ತಿದ್ದಳು. ಕಾಕಾ ಒಂದು ತುತ್ತು ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಬಹಳ ಸಾವಕಾಶವಾಗಿ ನುಂಗಿದರು.

ನಾನು ಬೋಗುಣಿ ಹಿಡಿದು ಹುಡುಗನ ತಂದೆಯ ತಾಟಿನ ಕಡೆಗೆ ಹೊರಳಿದೆ. ಕಾಕಾ ನನ್ನ ಸೆರಗು ಹಿಡಿದು ಜಗ್ಗಿದರು.

"ಅಕ್ಕೋರ, ಆ ಬೋಗುಣಿ ಇಲ್ಲೇ ಇಡು."

"ಬೀಗರಿಗೆ ಬಡಸಬೇಕಲ್ರಿ ಕಾಕಾ."

"ಇಲ್ಲೇ ಇಡು ಅಂದ್ನಿ." ಬೋಗುಣಿಯನ್ನು ಕಸಿದು ತಮ್ಮ ತೊಡೆಯ ಪಕ್ಕಕ್ಕೆ ಇಟ್ಟುಕೊಂಡು, ಎರಡನೆಯ ಕಾಯಿ ಹಾಕಿಕೊಂಡರು. ಮೂರನೆಯದನ್ನೂ ಹಾಕಿಕೊಂಡರು.

ಹುಡುಗನ ತಂದೆ ನಕ್ಕರು. "ನಮಗೂ ಒಂದು ಬಿಡ್ರಿ. ಭಾಳ ರುಚಿ ಆಗೇತೇನು?"

"ತಪ್ಪು ತಿಳೀಬ್ಯಾಡ್ರಿ" ಎಂದರು ಕಾಕಾ, ತುತ್ತು ಕಟ್ಟುತ್ತ. "ನಾಳೆ ಅಕಿ ನಿಮ್ಮ ಮನಿಗೆ ಬಂದ್ರ ದಿನಾ ಉಣ್ಣಾವ್ರು ನೀವ. ಇವತ್ತೊಂದಿನ ನನಗ ಬಿಡ್ರಿ."

ಬಾಗಿಲಲ್ಲಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದಿನ ಮಾತು ಆಡಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೀಗರು ಬಿಸಿ ರೊಟ್ಟಿಯನ್ನು ಪಚಡಿ ಮೊಸರಿನ ಜೊತೆ ಹೊಟ್ಟೆ ತುಂಬ ಉಂಡು, ಬೇಸಿಗೆಗೆ ಇದೇ ಹಿತ ಎಂದು ಹೊಗಳಿದರು. ಹೆಂಗಸರ ಪಂಕ್ತಿ ಕೂಡುವ ಹೊತ್ತಿಗೆ ಬೋಗುಣಿಯ ತಳ ಕಾಣುತ್ತಿತ್ತು. ಗಿರಿಜೆಯ ಬಾಯಿಗೆ ಸಕ್ಕರೆ ಹಾಕಿ, ಲಗ್ನ ನಿಶ್ಚಯ ಮಾಡಿ, ಸಂಜೆಯ ಬಸ್ಸಿಗೆ ಹೋದರು.

ಅವರನ್ನು ಕಳಿಸಿ ಬಂದು ಬೋಗುಣಿ ತೊಳೆಯಲು ಕೂತೆ. ಅಷ್ಟು ಹೊಗಳಿಸಿಕೊಂಡ ಬದನೆಕಾಯಿ ಹೇಗಿತ್ತೋ ನೋಡೋಣವೆಂದು ಅಂಚಿಗೆ ಹತ್ತಿದ್ದ ಮಸಾಲೆಯನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟೆ. ಇಟ್ಟವಳು ಹಿತ್ತಿಲಿಗೆ ಓಡಿಹೋಗಿ ಉಗುಳಿದೆ. ಬರೀ ಉಪ್ಪು!

"ತುಂಬೂ ಮಸಾಲಿಗೆ ನಾನಽ ಉಪ್ಪು ಹಾಕಿದ್ನಲ್ಲ" ಎಂದಳು ಕಾಕು.

"ನಾ ಆಮ್ಯಾಲ ಕುದಿಯೂ ಮುಂದ ಹಾಕಿದೆ" ಎಂದಳು ಗಿರಿಜೆ. ಅವಳ ದನಿ ಇಳಿದುಹೋಯಿತು.

ಒಲೆಯ ಸಂಗ ಬಿಟ್ಟ ತಾಯಿ ಮಗಳಿಗೆ ಯಾರು ಏನು ಹಾಕಬೇಕು ಎಂಬ ಲೆಕ್ಕವೇ ತಪ್ಪಿತ್ತು. ದೇವರಿಗೆ ಎಡೆ ಮಾಡುವ ಮೊದಲು ಅಡಿಗೆಯ ರುಚಿ ನೋಡುವ ರೂಢಿಯೂ ನಮ್ಮಲ್ಲಿಲ್ಲ. ಮೊದಲು ತಿಳಿದದ್ದು ಕಾಕಾಗೆ. ತಿಳಿದ ಮೇಲೆ ಅದು ಇನ್ನೊಬ್ಬರ ನಾಲಿಗೆಗೆ ಹೋಗಲು ಅವರು ಬಿಡಲಿಲ್ಲ.

ಕಾಕಾ ಬಾವಿಯ ಕಟ್ಟೆಯ ಮೇಲೆ ಕೂತು ತಂಬಿಗೆಯಿಂದ ನೀರು ಕುಡಿಯುತ್ತಿದ್ದರು. ಗಿರಿಜೆ ಹೋಗಿ ಎದುರು ನಿಂತಳು.

"ಅಪ್ಪಾ, ಉಪ್ಪು ಎರಡು ಸಲ ಬಿದ್ದಿತ್ತು. ಯಾಕ ಉಂಡಿ? ಅಷ್ಟೂ ಉಂಡ್ಯಲ್ಲ."

ಕಾಕಾ ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡರು. "ಉಪ್ಪಿಗೇನು ಆತು, ಮಗಳ? ಅದು ಬಿಸಲಾಗ ಆರಿದ್ದು. ಒಲಿ ಕಂಡದ್ದಲ್ಲ. ಅದೂ ಹಸೀದ."

ಗಿರಿಜೆಗೆ ನಗಬೇಕೆನಿಸಿತೋ ಅಳಬೇಕೆನಿಸಿತೋ ತಿಳಿಯಲಿಲ್ಲ, ಅವಳ ಮುಖ ನನ್ನ ಕಡೆ ಇರಲಿಲ್ಲ. ಅವಳು ಕೊಡ ಬಾವಿಗೆ ಬಿಟ್ಟಳು. ಕಾಕಾ ಬೊಗಸೆ ಒಡ್ಡಿದರು. ಅವಳು ಸೇದಿ ಸೇದಿ ಹಾಕುತ್ತಲೇ ಇದ್ದಳು, ಅವರು ಕುಡಿಯುತ್ತಲೇ ಇದ್ದರು.