ಮಲಾಡಿನಲ್ಲಿ ಕೂತು ಚೆಂಬೂರಿನ ಹೋಟೆಲ್ ನೋಡಿದ್ದು

ಕಂಪ್ಯೂಟರ್ ಕೆಟ್ಟರೆ ಜನ ಎರಡು ದಿನ ತಡೆದುಕೊಳ್ಳುತ್ತಾರೆ, ನೆಟ್ ಕೆಟ್ಟರೆ ಎರಡು ನಿಮಿಷ ತಡೆಯುವುದಿಲ್ಲ. ಹಾಗಾಗಿ ಮುಂಬಯಿಯಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನನ್ನಂಥವನಿಗೆ ವಾರಕ್ಕೊಂದು ಫಜೀತಿ ಕಟ್ಟಿಟ್ಟದ್ದು. ಮನೆಗೆ ಬಂದು ಹೇಳಿದರೆ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆಗುವ ಹೊತ್ತಿಗೆ ಮಾತ್ರ ನನಗೆ ಒಮ್ಮೆಯೂ ನಗು ಬಂದದ್ದಿಲ್ಲ. ಈಗ ಹೇಳುವ ಪ್ರಸಂಗಗಳೆಲ್ಲ ಒಬ್ಬರೇ ಗಿರಾಕಿಯಿಂದ ದಕ್ಕಿದವು.

ನಾನು ಗದಗ ಕಡೆಯವನು, ಇಪ್ಪತ್ತು ವರ್ಷದಿಂದ ಭಾಂಡುಪ್‌ನಲ್ಲಿದ್ದೇನೆ. ಅಂಗಡಿ, ಆಫೀಸುಗಳನ್ನು ಮನೆಯಲ್ಲೇ ಕೂತು ನೋಡುವಂತೆ ಮಾಡಿಕೊಡುವುದು ನನ್ನ ಕಸುಬು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಹೊರಗಿನಿಂದ ಬಂದವರನ್ನು ಬಿಲ್ಡಿಂಗಿನ ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸುತ್ತಾನೆ. "ಇಂಥವರು ಬಂದರೆ ಇಂಥ ನಂಬರಿನ ಫ್ಲ್ಯಾಟಿಗೆ ಕಳಿಸು" ಎಂದು ಮೊದಲೇ ಹೇಳಿಟ್ಟಿದ್ದರೆ ಮಾತ್ರ ಒಳಗೆ ಬಿಡುತ್ತಾನೆ. ರೂಟರ್ ಎಂಬ ಪೆಟ್ಟಿಗೆಗೆ ಹಾಗೆ ಹೇಳಿಡುವುದು ನನ್ನ ಕೆಲಸ. ವಾಚ್‌ಮನ್‌ಗೆ ಹೇಳುವುದೇ ಸುಲಭ, ಅವನು ಅರ್ಥವಾಗದಿದ್ದರೆ ತಿರುಗಿ ಕೇಳುತ್ತಾನೆ.

ಮೊದಲ ಪ್ರಶ್ನೆ

ಗಿರಾಕಿ ಎಂದೆನಲ್ಲ, ಅವರು ಉಡುಪಿ ಕಡೆಯ ಸೇಠ್ರು. ಹೋಟೆಲ್ ಚೆಂಬೂರಿನಲ್ಲಿ, ಮನೆ ಮಲಾಡಿನಲ್ಲಿ. ಮೂವತ್ತು ವರ್ಷ ಗಲ್ಲಾದ ಹಿಂದಿನ ಕುರ್ಚಿ ಬಿಟ್ಟವರಲ್ಲ. ಈಗ ಮೊಣಕಾಲಿನ ಆಪರೇಷನ್ ಆಗಿ ಮನೆಯಲ್ಲಿದ್ದರು. ಒಂದೂವರೆ ತಿಂಗಳು ಮನೆ ಬಿಟ್ಟು ಕದಲಬಾರದೆಂದು ಡಾಕ್ಟರ್ ಹೇಳಿದ್ದರು. ನನಗೆ ಫೋನ್ ಮಾಡಿದವರು ಅವರ ಹೆಂಡತಿ, ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ನೋಡಿ, ಸೋಮವಾರದೊಳಗೆ ಹೋಟೆಲ್ ಕಾಣದಿದ್ರೆ ರಿಕ್ಷಾ ಮಾಡಿಕೊಂಡು ಚೆಂಬೂರಿಗೆ ಹೋಗ್ತೇನೆ ಅಂತ ಕೂತಿದ್ದಾರೆ. ಇವರು ಹೇಳಿದ್ರೆ ಹೋಗುವವರೇ. ದಾರಿಯ ಹೊಂಡದಲ್ಲಿ ಆ ಕಾಲು ಒಂದು ಕುಲುಕಿದ್ರೆ ಮುಗಿಯಿತು. ಎಂತಾದ್ರೂ ಮಾಡಿ ಹೋಟೆಲನ್ನು ಮನೆಗೆ ತನ್ನಿ ಮಾರಾಯ್ರೆ."

ಅದು ಗುರುವಾರ. ಒಂದು ಕಾಲಿನ ಭಾರ ನನ್ನ ತಲೆಯ ಮೇಲೆ ಬಿತ್ತು. ಮಲಾಡಿಗೆ ಹೋದೆ. ಸೇಠ್ರು ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲ ಕಾಣ್ತದಾ?"

"ಕಾಣಸ್ತೈತ್ರಿ ಸೇಠ್ರ. ಬೇಕಂದ್ರ ಮಾತೂ ಕೇಳಸ್ತೈತಿ."

"ವಾಸನೆ?"

"ವಾಸನಿ ಬರೂದಿಲ್ರಿ."

ಸೇಠ್ರು ಹೆಂಡತಿಯ ಕಡೆ ತಿರುಗಿದರು. "ಸಾಂಬಾರ್ ಬೆಂದದ್ದು ನನಗೆ ಗೊತ್ತಾಗುವುದು ಹೇಗೆ? ಇಷ್ಟು ದೊಡ್ಡ ಸಾಫ್ಟ್‌ವೇರ್ ಮಾಡಿದವರು ಬೆಳಿಗ್ಗೆ ತಿಂಡಿ ತಿನ್ನುವುದಿಲ್ವಾ?"

ಫುಟ್‌ಪಾತಿನ ಪರೀಕ್ಷೆ

ಶುಕ್ರವಾರ ಹೋಟೆಲಿನಲ್ಲಿ ಕೆಲಸ ಶುರು. ಕ್ಯಾಮೆರಾಗಳು ಮೊದಲೇ ಇದ್ದವು. ಅವುಗಳ ಚಿತ್ರ ಕೂಡಿಡುವ ಪೆಟ್ಟಿಗೆಯನ್ನು ನೆಟ್ಟಿಗೆ ಜೋಡಿಸಿ, ರೂಟರ್‌ಗೆ ಹೇಳಬೇಕಾದ್ದು ಹೇಳಿ, ಮೇಜಿನ ಮುಂದೆ ಕೂತು ನನ್ನ ಮೊಬೈಲಿನಲ್ಲಿ ನೋಡಿದೆ. ಇಡೀ ಹೋಟೆಲ್ ಲಕಲಕ ಕಾಣುತ್ತಿತ್ತು. ಜಂಬದಿಂದ ಸೇಠ್ರಿಗೆ ಫೋನ್ ಮಾಡಿದೆ.

"ಕಪ್ಪು ಕಾಣ್ತಾ ಉಂಟು," ಎಂದರು. "ಕಾಫಿ ಹತ್ತಿರದಿಂದ ತೋರಿಸ್ತಾ ಇದ್ದೀರಾ?"

ಆಗ ಹೊಳೆಯಿತು. ನನ್ನ ಮೊಬೈಲ್ ಹೋಟೆಲಿನ ವೈಫೈಯಲ್ಲೇ ಇತ್ತು. ಮನೆಯೊಳಗೆ ಕೂತು ಮನೆ ಕಾಣುತ್ತಿದೆ ಎಂದು ಹಿಗ್ಗಿದಂತಾಯಿತು. ಈ ಕಸುಬಿನಲ್ಲಿ ನಿನ್ನೆ ಮೊನ್ನೆ ಬಂದವರು ಮಾಡುವ ತಪ್ಪು, ಇಪ್ಪತ್ತು ವರ್ಷವಾದರೂ ನಾನಿನ್ನೂ ಮಾಡುತ್ತೇನೆ. ವೈಫೈ ಆರಿಸಿ ನೋಡೋಣವೆಂದರೆ ಆ ಹೋಟೆಲಿನೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ರಸ್ತೆ ದಾಟಿ ಎದುರಿನ ಫುಟ್‌ಪಾತಿನಲ್ಲಿ ನಿಂತರೆ ಮಾತ್ರ ಸಿಗುತ್ತಿತ್ತು.

ಸರಿ, ಒಳಗೆ ಬಂದು ಏನಾದರೂ ಬದಲಿಸುವುದು, ರಸ್ತೆ ದಾಟುವುದು, ಮೊಬೈಲ್ ಎತ್ತಿ ಹಿಡಿದು ಹೋಟೆಲಿನತ್ತ ನೋಡುವುದು, ತಲೆಯಾಡಿಸುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಮತ್ತೆ ಒಳಗೆ. ಹೀಗೆ ಏಳು ಸಲ. ಏಳನೆಯ ಸಲ ಹೊರಬಂದಾಗ ಹೋಟೆಲಿನ ಮುಂದೆ ಸೊಪ್ಪಿನ ಭಾಜಿ, ಬಾಳೆಹಣ್ಣು, ಮೊಬೈಲ್ ಕವರ್ ಮಾರುವವರು ಒಬ್ಬರೂ ಇಲ್ಲ. ಗಂಟುಮೂಟೆ ಕಟ್ಟಿಕೊಂಡು ಎಲ್ಲರೂ ಗಲ್ಲಿಯೊಳಗೆ ಸೇರಿದ್ದರು. ಮುನಿಸಿಪಾಲಿಟಿಯ ವಾರ್ಡ್ ಆಫೀಸಿನವನು ಬಂದು ಎಲ್ಲರದೂ ಫೋಟೋ ತೆಗೆದು ಬರೆದುಕೊಳ್ಳುತ್ತಿದ್ದಾನೆ, ಹಿಂದೆ ಸಾಮಾನು ಎತ್ತಿಕೊಂಡು ಹೋಗುವ ಗಾಡಿ ಬರುತ್ತದೆ ಎಂದು ಸುದ್ದಿಯಾಗಿತ್ತು. ನನಗೆ ಬಹಳ ಕೆಟ್ಟದೆನಿಸಿತು. ಗಲ್ಲಿಗೆ ಹೋಗಿ ಒಬ್ಬೊಬ್ಬರಿಗೂ ಹಿಂದಿಯಲ್ಲಿ ಸಮಾಧಾನ ಹೇಳಿದೆ. ಭಾಜಿಯವಳು ಪೂರ್ತಿ ನಂಬದೆ ನನ್ನ ಕೈಗೆ ಎರಡು ಕಟ್ಟು ಮೆಂತ್ಯ ತುರುಕಿದಳು.

ಕೊನೆಗೆ ತಿಳಿದದ್ದು, ರೂಟರಿನಲ್ಲಿ ಎಲ್ಲವನ್ನೂ ಬರೆದಿದ್ದೆ, ಏಳು ಸಲವೂ 'ಸೇವ್' ಗುಂಡಿ ಒತ್ತಿರಲಿಲ್ಲ. ಒತ್ತಿದೊಡನೆ ಹೊರಗಿನಿಂದಲೂ ಹೋಟೆಲ್ ಕಂಡಿತು. ಇದನ್ನು ಯಾರಿಗೂ ಹೇಳಲಿಲ್ಲ. ಮ್ಯಾನೇಜರ್ ನನ್ನ ಹಿಂದೆ ಬಾಗಿಲವರೆಗೆ ಬಂದು, ಇನ್ನೂ ಖಾಲಿಯಾಗಿದ್ದ ಫುಟ್‌ಪಾತನ್ನು ಆ ತುದಿಯಿಂದ ಈ ತುದಿಯವರೆಗೆ ಕಣ್ತುಂಬ ನೋಡಿ ಹೇಳಿದರು:

"ನಮ್ಮ ಹೋಟೆಲಿಗೆ ಇಷ್ಟು ಅಗಲ ಬಾಗಿಲು ಉಂಟಂತ ನನಗೆ ಇವತ್ತೇ ಗೊತ್ತಾದದ್ದು. ನಾಳೆಯೂ ಬನ್ನಿ."

ಕೆನ್ನೆಗೆ ಕೈ ಕೊಟ್ಟ ಗಿರಾಕಿಗಳು

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸೇಠ್ರ ಫೋನ್.

"ಬೆಂಚಿನ ಮೇಲೆ ಎಂಟು ಜನ ಸಾಲಾಗಿ ಕೂತಿದ್ದಾರೆ. ಒಬ್ಬರ ಮುಂದೆಯೂ ಪ್ಲೇಟ್ ಇಲ್ಲ. ಎಲ್ಲರೂ ಕೆನ್ನೆಗೆ ಕೈ ಕೊಟ್ಟಿದ್ದಾರೆ. ಒಬ್ಬ ಹೆಂಗಸು ಅಳ್ತಾ ಇದ್ದಾಳೆ! ಮೂವತ್ತು ವರ್ಷದಲ್ಲಿ ನನ್ನ ಹೋಟೆಲಿನಲ್ಲಿ ಆರ್ಡರ್ ತಡ ಆಗಿ ಗಿರಾಕಿ ಅತ್ತದ್ದಿಲ್ಲ. ನಾನು ಹೊರಟೆ. ನನ್ನ ಶರ್ಟ್ ಎಲ್ಲಿ?"

ಹಿಂದಿನಿಂದ ಅಕ್ಕನ ಧ್ವನಿ: "ಶರ್ಟ್ ಒಗೆಯಲಿಕ್ಕೆ ಹಾಕಿದ್ದೇನೆ. ಎಲ್ಲ ಶರ್ಟೂ."

ಎದ್ದುಬಿದ್ದು ಚೆಂಬೂರಿಗೆ ಓಡಿದೆ. ಹೋಟೆಲ್ ಜೋರಾಗಿ ನಡೆಯುತ್ತಿತ್ತು. ಅಳುವವರು ಯಾರೂ ಇಲ್ಲ. ಮ್ಯಾನೇಜರನ್ನು ಮೂಲೆಗೆ ಕರೆದು ನೆಟ್ ಎಲ್ಲಿಂದ ಬರುತ್ತದೆಂದು ಕೇಳಿದೆ. ಅವರು ತಲೆ ತುರಿಸಿಕೊಂಡು ಮೇಲೆ ಬೆರಳು ತೋರಿಸಿದರು. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರ ದವಾಖಾನೆ. ರಸ್ತೆ ಅಗೆದಾಗ ಹೋಟೆಲಿನ ಸ್ವಂತ ಲೈನ್ ತುಂಡಾಗಿ ಎರಡು ವರ್ಷವಾಗಿತ್ತಂತೆ. ಅಂದಿನಿಂದ ಕೆಳಗಿನಿಂದ ದಿನಕ್ಕೆರಡು ಸಲ ಇಡ್ಲಿ, ಕಾಫಿ ಮೇಲೆ ಹೋಗುತ್ತಿತ್ತು, ಮೇಲಿನಿಂದ ನೆಟ್ ಕೆಳಗೆ ಬರುತ್ತಿತ್ತು. ಶುಕ್ರವಾರ ಕೆಳಗೆ ಕೂತು ನಾನು ಬರೆದದ್ದೆಲ್ಲ ಮೇಲಿನ ದವಾಖಾನೆಯ ರೂಟರಿನಲ್ಲೇ. ಸೇಠ್ರಿಗೆ ಇದು ಗೊತ್ತಿರಲಿಲ್ಲ, ನನಗೂ ಯಾರೂ ಹೇಳಿರಲಿಲ್ಲ.

ಡಾಕ್ಟರು ದಿನಾ ಮನೆಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿ ಬೀಗ ಹಾಕುತ್ತಾರೆ. ಬೆಳಿಗ್ಗೆ ಅವರು ಸ್ವಿಚ್ ಹಾಕಿದಾಗ ರೂಟರ್ ಎಲ್ಲ ಯಂತ್ರಗಳಿಗೂ ಹೊಸದಾಗಿ ನಂಬರ್ ಹಂಚಿತ್ತು. ನಮ್ಮ ಪೆಟ್ಟಿಗೆಗಿದ್ದ ನಂಬರ್ ದವಾಖಾನೆಯ ಕ್ಯಾಮೆರಾ ಪೆಟ್ಟಿಗೆಗೆ ಹೋಗಿತ್ತು. ಎರಡೂ ಒಂದೇ ಅಂಗಡಿಯವು, ಎರಡರ ಪಾಸ್‌ವರ್ಡೂ ಅಂಗಡಿಯಿಂದ ಬಂದಾಗ ಇದ್ದದ್ದೇ. ಸೇಠ್ರು ಬೆಳಿಗ್ಗೆಯಿಂದ ನೋಡುತ್ತಿದ್ದದ್ದು ಹಲ್ಲುನೋವಿನವರು ಸರದಿ ಕಾಯುವ ಬೆಂಚನ್ನು.

ಮೇಲೆ ಹೋಗಿ ಕೈ ಮುಗಿದೆ. ಆ ದಾರಿ ಮುಚ್ಚಿದೆ, ಪಾಸ್‌ವರ್ಡ್ ಬದಲಿಸಿಕೊಟ್ಟೆ. ಹೋಟೆಲಿಗೆ ಬೇರೆ ಲೈನ್ ಇವತ್ತೇ ಹಾಕಿಸುತ್ತೇನೆ ಎಂದೆ. ಡಾಕ್ಟರಿಗೆ ಅದರಿಂದ ಬೇಸರವೇನೂ ಆಗಲಿಲ್ಲ, ಇಡ್ಲಿ ನಿಲ್ಲುತ್ತದೆಯೇ ಎಂದಷ್ಟೇ ಕೇಳಿದರು. ಆಮೇಲೆ ಸೇಠ್ರಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ.

"ಹಾಗಾದ್ರೆ ಅವರು ನಮ್ಮ ಗಿರಾಕಿಗಳಲ್ಲ."

"ಅಲ್ರಿ."

"ಒಂದೊಂದು ಗಂಟೆ ಕಾಯುವವರು. ಹಸಿವಿರುವುದಿಲ್ವಾ? ಇಡ್ಲಿಗೆ ಹಲ್ಲು ಎಂತಕ್ಕೆ? ಮ್ಯಾನೇಜರಿಗೆ ಹೇಳಿ, ಮೇಲೆ ಹೋಗಿ ಆರ್ಡರ್ ತಗೊಳ್ಳಲಿ."

ಒಂಬತ್ತನೆಯ ಸುತ್ತು

ಭಾನುವಾರದ ಹೊತ್ತಿಗೆ ಹೊಸ ಲೈನ್ ಬಂತು, ಕ್ಯಾಮೆರಾ ಸರಿಯಾಯಿತು. ಉಳಿದದ್ದು ಗಲ್ಲಾದ ಕಂಪ್ಯೂಟರ್. ಅದನ್ನು ಮನೆಯಿಂದಲೇ ನಡೆಸುವ ಸಾಫ್ಟ್‌ವೇರ್ ಹಾಕಿ, ಮಲಾಡಿಗೆ ಬಂದು ಮನೆಯ ಕಂಪ್ಯೂಟರಿನ ಮುಂದೆ ಸೇಠ್ರ ಪಕ್ಕದಲ್ಲಿ ಕೂತು ಮೌಸ್ ಹಿಡಿಯುವುದು ಹೇಳಿಕೊಟ್ಟೆ. ಮೂವತ್ತು ವರ್ಷ ಮೌಸ್ ಮುಟ್ಟಿದವರಲ್ಲ. ಅವರು ಬಲಕ್ಕೆ ಎಂದರೆ ಅದು ಮೇಲಕ್ಕೆ ಹೋಗುತ್ತಿತ್ತು. "ಸುಮ್ಮನ ಒಂದ್ ಸುತ್ತ ತಿರುಗಸ್ರಿ, ಕೈ ಕೂಡ್ತೈತಿ" ಎಂದೆ. ಅವರು ನಾಲಗೆ ಕಚ್ಚಿಕೊಂಡು ಮೆಲ್ಲಗೆ, ದುಂಡಗೆ ತಿರುಗಿಸತೊಡಗಿದರು.

ಆಮೇಲೆ ತಿಳಿದದ್ದು, ಚೆಂಬೂರಿನಲ್ಲಿ ಗಲ್ಲಾದ ಪರದೆಯ ಮೇಲೆ ಇದ್ದದ್ದು ಗಣಪತಿಯ ಚಿತ್ರ. ಗಲ್ಲಾದಲ್ಲಿ ಕೂತಿದ್ದವರು ನೋಡುತ್ತಾರೆ, ಯಾರೂ ಮುಟ್ಟದೆ ಬಾಣದ ಗುರುತು ತಾನಾಗಿ ಎದ್ದು ಗಣಪತಿಗೆ ಬಲದಿಂದ ಸುತ್ತು ಬರುತ್ತಿದೆ. ಒಂದಾಯಿತು, ಎರಡಾಯಿತು. ಅವರು ಕುರ್ಚಿಯಿಂದಿಳಿದು ಚಪ್ಪಲಿ ಬಿಟ್ಟರು. ಅಡುಗೆಯವರು ಕೈ ಒರೆಸಿಕೊಳ್ಳುತ್ತ ಬಂದರು. ದೋಸೆಯವರು ಕಾವಲಿ ಬಿಟ್ಟು ಬಂದರು. ಯಾರೋ ದಾಸವಾಳ ತಂದು ಪರದೆಯ ಮೇಲಿಟ್ಟರು. ಮಲಾಡಿನಲ್ಲಿ ನಮ್ಮ ಫೋನಿಗೆ ಕಾಣುತ್ತಿದ್ದದ್ದು ಬರಿಯ ಬೆನ್ನುಗಳು.

"ಗಲ್ಲಾದ ಹತ್ತಿರ ಎಂತ ಗಲಾಟೆ ಅದು?" ಸೇಠ್ರು ಒಂದು ಕೈಯಲ್ಲಿ ಮೌಸ್ ತಿರುಗಿಸುತ್ತಲೇ ಮ್ಯಾನೇಜರಿಗೆ ಫೋನ್ ಮಾಡಿದರು.

ಮ್ಯಾನೇಜರಿಗೆ ಸಾಫ್ಟ್‌ವೇರಿನ ವಿಷಯ ಗೊತ್ತಿತ್ತು. ಆದರೆ ಅವರೂ ಕೈ ಮುಗಿದೇ ನಿಂತಿದ್ದರು. ಪಿಸುಮಾತಿನಲ್ಲಿ ಹೇಳಿದರು: "ಸೇಠ್ರೆ, ನೀವೇ ಅಂತ ನನಗೆ ಗೊತ್ತುಂಟು. ಆದ್ರೂ ಈಗ ಬಿಡಬೇಡಿ. ಎಂಟು ಸುತ್ತಾಗಿದೆ, ಇನ್ನೊಂದು ಹಾಕಿ ಒಂಬತ್ತು ಮಾಡಿ ನಿಲ್ಲಿಸಿ."

ಹೇಳಿದ ಹೊತ್ತಿಗೆ ಕೆಡುವ ನೆಟ್

ಸೋಮವಾರ ಸೇಠ್ರು ರಿಕ್ಷಾ ಕರೆಯಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಹತ್ತು ದಿನ ಕಳೆದು ಅಕ್ಕನ ಫೋನ್ ಬಂತು. ಈ ಸಲ ಸಿಟ್ಟಿನ ಜೊತೆ ಅಳುವೂ ಇತ್ತು.

"ಡಾಕ್ಟ್ರು ಈಗ ದಿನಾ ನಡೆಯಬೇಕು, ಕಾಲು ಮಡಚಬೇಕು ಅಂತಾರೆ. ಈಗ ಮಡಚದಿದ್ರೆ ಕಾಲು ಹಾಗೇ ಸೆಟೆದು ನಿಲ್ತದಂತೆ. ಇವರು ಕುರ್ಚಿಯಿಂದ ಏಳುವುದೇ ಇಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಬಂದ್ರೆ 'ಈಗ ರಶ್ ಟೈಮ್, ಆಮೇಲೆ ಬಾ' ಅಂತ ಕಳಿಸ್ತಾರೆ. ನೀವು ಮಾಡಿಟ್ಟದ್ದು. ನೀವೇ ಬಂದು ಏಳಿಸಿ."

ನನಗೆ ನಿಜವಾಗಿ ಹೆದರಿಕೆಯಾಯಿತು. ಕಾಲು ಉಳಿಸಲು ಮಾಡಿದ ಕೆಲಸದಿಂದಲೇ ಕಾಲು ಹೋಗುವ ಹಾಗಿತ್ತು. ಮಲಾಡಿಗೆ ಹೋಗಿ ನೋಡಿದರೆ ಸೇಠ್ರು ಫೋನಿನೊಳಗೆ ಮುಳುಗಿ, "ಮೂರನೇ ಟೇಬಲಿಗೆ ಚಟ್ನಿ, ಚಟ್ನಿ" ಎನ್ನುತ್ತಿದ್ದರು. ನಾನು ಬುದ್ಧಿ ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ಅಕ್ಕ ಸಿಟ್ಟಿನಿಂದ ಹಾಲ್‌ಗೆ ಹೋಗಿ ಮನೆಯ ರೂಟರಿನ ಪ್ಲಗ್ ಕಿತ್ತು ಎಸೆದರು.

ಫೋನಿನಲ್ಲಿ ಹೋಟೆಲ್ ನಿಂತುಹೋಯಿತು. ಸೇಠ್ರು ಕೂಗಿದರು, ಯಾರೂ ಓಗೊಡಲಿಲ್ಲ. ನನ್ನನ್ನು ನೋಡಿದರು, ನಾನು ಸೀಲಿಂಗ್ ಫ್ಯಾನ್ ನೋಡಿದೆ. ಆಗ ವಾಕರ್ ಎಳೆದುಕೊಂಡು ಎದ್ದರು. ಕೋಣೆ ದಾಟಿ, ಪ್ಯಾಸೇಜು ದಾಟಿ, ಹಾಲ್‌ನ ಮೂಲೆಯವರೆಗೆ ನಡೆದರು. ಬೈಯುತ್ತಲೇ ಪ್ಲಗ್ ಚುಚ್ಚಿ, ದೀಪ ಹತ್ತಿತೇ ಎಂದು ಬಗ್ಗಿ ನೋಡಿದರು. ಹೊಸ ಮೊಣಕಾಲು ಮೆಲ್ಲಗೆ ಮಡಚಿತು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಬೆರಳು ಮಡಚಿ ಎಣಿಸುತ್ತಿದ್ದರು. ಕಣ್ಣು ತುಂಬಿತ್ತು.

"ಇಪ್ಪತ್ತೆಂಟು ಹೆಜ್ಜೆ," ಎಂದರು. ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು: "ಇದು ದಿನಕ್ಕೆ ನಾಲ್ಕು ಸಲ ತಾನಾಗಿ ಕೆಡುವ ಹಾಗೆ ಮಾಡಬಹುದಾ?"

ಮಾಡಬಹುದಿತ್ತು. ಎಂಟಕ್ಕೆ, ಹನ್ನೊಂದಕ್ಕೆ, ನಾಲ್ಕಕ್ಕೆ, ಆರಕ್ಕೆ ಹತ್ತು ಹತ್ತು ನಿಮಿಷ ನೆಟ್ ನಿಲ್ಲುವಂತೆ ರೂಟರಿಗೆ ಹೇಳಿಟ್ಟೆ. ಈ ಸಲ 'ಸೇವ್' ಎರಡೆರಡು ಸಲ ಒತ್ತಿದೆ. ಕಾಲು ಇನ್ನಷ್ಟು ಮಡಚಲೆಂದು ಅಕ್ಕ ತಮ್ಮ ಕಡೆಯಿಂದ ರೂಟರಿನ ಜಾಗವನ್ನು ವಾರಕ್ಕೊಮ್ಮೆ ಬದಲಿಸುತ್ತ ಬಂದರು. ಮೊದಲು ಮೇಜಿನಿಂದ ಸ್ಟೂಲಿಗೆ, ಸ್ಟೂಲಿನಿಂದ ಮಣೆಗೆ, ಮಣೆಯಿಂದ ಬಾಲ್ಕನಿಯ ನೆಲಕ್ಕೆ. ಸೇಠ್ರು ಪ್ರತಿ ಸಲವೂ ನನಗೆ ಫೋನ್ ಮಾಡಿ ಬೈದರು. ಇಪ್ಪತ್ತು ವರ್ಷದಲ್ಲಿ ಗಿರಾಕಿಯ ಬೈಗುಳ ಕೇಳಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಒಂದೂವರೆ ತಿಂಗಳಿಗೆ ಆಸ್ಪತ್ರೆಗೆ ತೋರಿಸಲು ಹೋದಾಗ ವಾಕರ್ ಇರಲಿಲ್ಲ. ಇಷ್ಟು ಚೆನ್ನಾಗಿ ಮಡಚುವ ಕಾಲನ್ನು ಈಚೆಗೆ ನೋಡಿಲ್ಲ, ಯಾವ ವ್ಯಾಯಾಮ ಮಾಡುತ್ತೀರಿ ಎಂದು ಡಾಕ್ಟರು ಕೇಳಿದರಂತೆ. "ವ್ಯಾಯಾಮಕ್ಕೆ ಪುರುಸೊತ್ತು ಎಲ್ಲಿ? ಒಬ್ಬ ದರಿದ್ರದವನು ನೆಟ್ ಹಾಕಿಕೊಟ್ಟಿದ್ದಾನೆ, ಅದನ್ನು ಸರಿ ಮಾಡುವುದರಲ್ಲೇ ನನ್ನ ದಿನ ಹೋಗ್ತದೆ" ಎಂದು ಸೇಠ್ರು ನನ್ನ ಹೆಸರು ಹಿಡಿದು ಆಸ್ಪತ್ರೆಗೆಲ್ಲ ಕೇಳುವಂತೆ ಹೇಳಿದರಂತೆ. ಹೊರಗೆ ಕಾಯುತ್ತಿದ್ದ ಹೆಂಗಸರ ಹತ್ತಿರ ಅಕ್ಕ ನಿಜ ಸಂಗತಿ ಹೇಳಿ, ನನ್ನ ನಂಬರೂ ಕೊಟ್ಟರಂತೆ.

ಮರುದಿನ ಮಧ್ಯಾಹ್ನದೊಳಗೆ ನನಗೆ ಮೂರು ಫೋನ್ ಬಂದವು. ಮೂರೂ ಹೆಂಗಸರದು, ಮೂವರ ಗಂಡಂದಿರೂ ಮೊಣಕಾಲಿನ ಆಪರೇಷನ್ ಆದವರು. ಮೂವರೂ ಧ್ವನಿ ತಗ್ಗಿಸಿ ಕೇಳಿದ್ದು ಒಂದೇ ಮಾತು:

"ನೆಟ್ ಕೆಡಿಸಿಕೊಡುವವರು ನೀವೇ ಅಲ್ವಾ?"