ಮಾವನ ಜೀಪಿನ ಮೂಗು

ಧೈರ್ಯವಂತ ಮೆಕ್ಯಾನಿಕ್‌ಗಳಿಗೆ ಸರಳ ಕೆಲಸಗಳು ಸಿಗುತ್ತವೆ. ಎದೆ ನಡುಗಿಸುವ ಗಾಡಿಗಳು ಮಾತ್ರ ನನ್ನಂಥ ಅಂಜುಬುರುಕನ ಶೆಡ್ಡನ್ನೇ ಹುಡುಕಿಕೊಂಡು ಬರುತ್ತವೆ. ಸಿಂದಗಿಯಲ್ಲಿ ಡೀಸೆಲ್ ಗಾಡಿ ರಿಪೇರಿ ಮಾಡುತ್ತ ಎಷ್ಟೋ ವರ್ಷಗಳಾದವು, ಇವತ್ತಿಗೂ ಎಂಜಿನ್ ಚಾಲೂ ಮಾಡಿಸುವಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಗಿರಾಕಿಗಳು ಅದನ್ನು ಅನುಭವ ಎಂದು ತಿಳಿದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ನನ್ನ ಅಂಜಿಕೆಗಳಲ್ಲೆಲ್ಲ ದೊಡ್ಡ ಅಂಜಿಕೆ ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಬಸವನ ಬಾಗೇವಾಡಿ ಕಡೆಯ ದೊಡ್ಡ ಒಕ್ಕಲುತನದ ಮನುಷ್ಯ. ಆರಡಿ ಎತ್ತರ, ಅದರ ಮೇಲೆ ಹತ್ತು ಮೊಳ ಬಟ್ಟೆ ಸುತ್ತಿದ ಗುಲಾಬಿ ಪಟಗಾ. ಪಟಗಾ ಇಲ್ಲದ ಆ ತಲೆಯನ್ನು ನಾನು ಕಂಡಿರಲೇ ಇಲ್ಲ. ನನ್ನ ಹೆಂಡತಿ ಸಣ್ಣವಳಿದ್ದಾಗ ಒಮ್ಮೆ ನೋಡಿದ್ದಳಂತೆ, ಅದೂ ಸರಿಯಾಗಿ ನೆನಪಿಲ್ಲ ಅನ್ನುತ್ತಾಳೆ. ಅವರ ಬಳಿ ಒಂದು ಹಳೆಯ ಡೀಸೆಲ್ ಜೀಪು ಇದೆ. ಜೀಪಿಗೂ ಮಗಳಿಗೂ ಅವರು ಭೇದ ಮಾಡಿದವರಲ್ಲ. ಮಾಡಿದ್ದರೆ ಅದು ಜೀಪಿನ ಪರವಾಗಿಯೇ ಇರುತ್ತಿತ್ತು.

ಕರಾರು

ತೊಗರಿ ಒಕ್ಕುವ ರಾಶಿಯ ದಿನಗಳಲ್ಲಿ ಆ ಜೀಪು ನನ್ನ ಶೆಡ್ಡಿಗೆ ಬಂತು. ಕರಿ ಹೊಗೆ, ಏರಿನಲ್ಲಿ ಏದುಸಿರು. ಬಾನೆಟ್ ಎತ್ತಿದ ಕೂಡಲೇ ಕಾರಣ ಗೊತ್ತಾಯಿತು. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ರೇಡಿಯೇಟರ್ ಹಿಂದೆಯೇ ಇತ್ತು. ಮುಂದಿನಿಂದ ಬಿಸಿ, ಕೆಳಗಿನಿಂದ ರಾಶಿಯ ಧೂಳು.

"ಮಾವಾರ, ಪಾಪ ಇದು ಒಲೀ ಮುಂದ ಕುಂತು ಹೊಟ್ಟು ನುಂಗಾಕತ್ತೈತ್ರಿ," ಅಂದೆ. "ಗಾಳೀ ಬಾಯಿಗೆ ಒಂದು ಪೈಪ್ ಜೋಡ್ಸಿ ಮ್ಯಾಲ ಟಾಪಿನ ತನಕಾ ಒಯ್ದ್ರ ತಣ್ಣನ್ನ ಗಾಳಿ, ಸ್ವಚ್ಛ ಗಾಳಿ ಸಿಗತೈತಿ."

"ಅಂದ್ರ ಜೀಪಿಗೆ ಮೂಗು ಹಚ್ಚತಿ?"

"ಹೌದ್ರಿ."

"ಮಡ್‌ಗಾರ್ಡಿಗೆ ತೂತು ಹೊಡೀತಿ?"

"ಒಂದ... ಸಣ್ಣದ್ರಿ."

ಮಾವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ಹೊಡಿ. ಆದ್ರ ನಿನ್ನ ಮೂಗಿನಿಂದ ಎಂಜಿನ್ನಿಗೆ ಏನರ ಆತಂದ್ರ, ನಾಗರ ಪಂಚಮಿಗೆ ತವರಿಗೆ ಬಂದ ಮಗಳನ್ನ ನಾ ವಾಪಸ್ ಕಳಸಂಗಿಲ್ಲ."

ಅವರು ಚೇಷ್ಟೆ ಮಾಡುವವರಲ್ಲ. ಆ ಅಂಜಿಕೆಯಲ್ಲಿ ಡ್ರಿಲ್ ಹಿಡಿದದ್ದಕ್ಕೆ ತೂತು ಬೇಕಾದ್ದಕ್ಕಿಂತ ದೊಡ್ಡದಾಯಿತು. ಮನೆಗೆ ಹೋಗಿ ಹೆಂಡತಿಗೆ ಕರಾರು ಹೇಳಿದರೆ ಅವಳಾದರೂ ಕಣ್ಣಲ್ಲಿ ನೀರು ತರಬಾರದೆ? "ಹಂಗಾರ ಕೆಲಸ ಹೆಂಗಾಗೇತಿ ಖರೇ ಹೇಳ್ರಿ," ಅಂದಳು. "ಪಂಚಮಿಗೆ ಎಷ್ಟು ಸೀರಿ ಒಯ್ಯಬೇಕು ಅನ್ನೂದು ನನಗ ಈಗ ಗೊತ್ತಾಗಬೇಕು."

ಉಸಿರಿನ ಪರೀಕ್ಷೆ

ಮೂರು ದಿನದಲ್ಲಿ ಮೂಗು ತಯಾರಾಯಿತು. ಕಬ್ಬಿಣದ ಪೈಪು ಮುಂದಿನ ಗಾಜಿನ ಪಕ್ಕದಲ್ಲಿ ಮೇಲೆ ಏರಿ ಟಾಪಿನ ಹತ್ತಿರ ಬಾಯಿ ತೆರೆಯಿತು. ಕೆಳಗೆ ರಬ್ಬರ್ ತಿರುವುಗಳು, ಪ್ರತಿ ಜೋಡಣೆಗೆ ಕ್ಲಾಂಪು. ಹಳೆಯ ಸೋಸುವ ಡಬ್ಬಿಯನ್ನು ಹಾಗೇ ಉಳಿಸಿದೆ. ಅದರ ತಳದಲ್ಲಿ ಒಂದು ಬಟ್ಟಲು ಎಣ್ಣೆ ಇರುತ್ತದೆ, ಒಳಗೆ ಬಂದ ಧೂಳು ಆ ಎಣ್ಣೆಗೆ ಅಂಟಿ ಅಲ್ಲೇ ಉಳಿಯುತ್ತದೆ. ಬಟ್ಟಲಲ್ಲಿ ಒಂದು ಗೆರೆ ಇದೆ, ಎಣ್ಣೆ ಅಲ್ಲಿಯ ತನಕ ಮಾತ್ರ. ಇದನ್ನು ಮಾವನಿಗೆ ಎರಡು ಸಲ ಹೇಳಿದೆ. ಮೂರನೇ ಸಲ ಹೇಳಲು ಧೈರ್ಯ ಸಾಲಲಿಲ್ಲ.

"ನಿನ್ನ ಕೆಲಸ ಪಕ್ಕಾ ಐತಿ ಅಂತ ನನಗ ಹೆಂಗ ಗೊತ್ತಾಗಬೇಕು?" ಅಂತ ಮಾವ ಕೇಳಿದರು.

"ಪೈಪಿನ ಬಾಯಿ ಮುಚ್ಚತೇನ್ರಿ. ಎಲ್ಲೂ ಸಂದಿ ಇಲ್ಲಂದ್ರ ಎಂಜಿನ್ ಬಂದ್ ಆಗಬೇಕು. ಆಗಲಿಲ್ಲಂದ್ರ ಎಲ್ಲೋ ಒಂದು ಕಡೆ ಧೂಳಿಗೆ ಹಾದಿ ಐತಿ ಅಂತ ತಿಳೀರಿ."

ಜೀಪು ನಿಧಾನಕ್ಕೆ ಓಡುತ್ತಿದ್ದಾಗ ಹಲಗೆಯ ತುಂಡೊಂದನ್ನು ಬಾಯಿಗೆ ಒತ್ತಿದೆ. ಎಂಜಿನ್ ಗುರ್ ಅಂದಿತು, ಗೊರ್ ಅಂದಿತು, ನಡುಗಿ ತಣ್ಣಗಾಯಿತು. ನನ್ನ ಜೀವಕ್ಕೆ ಜೀವ ಬಂತು. ಹೆಮ್ಮೆಯಿಂದ ತಿರುಗಿ ನೋಡಿದರೆ ಮಾವನ ಮುಖ ಕಪ್ಪಿಟ್ಟಿತ್ತು.

"ಕುತ್ತಿಗಿ ಒತ್ತಿ ಕೊಂದು ತೋರ್ಸಂತ ನಿನಗ ಯಾರು ಹೇಳಿದ್ರು?" ಅಂದರು. "ಬಾಯ್ಲೆ ಹೇಳಿದ್ರ ಸಾಕಿತ್ತು."

ಇಂಡಿ ದಾರಿಯ ಲಿಂಬೆ

ಒಂದು ಅಮಾವಾಸ್ಯೆಯ ಮರುದಿನ ಫೋನ್ ಬಂತು. ಮಾವ ಇಂಡಿಗೆ ಹೊರಟವರು ತಾಂಬಾ ಊರಿನ ಹತ್ತಿರ ನಿಂತಿದ್ದರು. "ಅಳಿಯಾ, ಹೊಗಿ ಕಾರಾಕತ್ತೈತಿ. ಏರು ಏರವಲ್ದು." ಆಮೇಲೆ, "ಪಂಚಮಿ ಇನ್ನ ದೂರ ಐತಿ ಬಿಡು," ಅಂದರು. ಸಮಾಧಾನ ಹೇಳುವ ಅವರ ರೀತಿ ಅದು.

ನಟ್ಟು ಬಿಚ್ಚುವ ಇದ್ದಬದ್ದ ಪಾನಾಗಳನ್ನೆಲ್ಲ ಬೈಕಿಗೆ ಹೇರಿಕೊಂಡು ಓಡಿದೆ. ದಾರಿಯುದ್ದಕ್ಕೂ ಸೀರೆಗಳೇ ಕಣ್ಣ ಮುಂದೆ. ಡೀಸೆಲ್ ಫಿಲ್ಟರ್ ಬಿಚ್ಚಿದೆ, ಪಂಪು ನೋಡಿದೆ, ಬೆವರು ಒರೆಸಿಕೊಂಡೆ, ಎಲ್ಲ ಸರಿಯಿತ್ತು. ಕೊನೆಗೆ ರಬ್ಬರ್ ತಿರುವು ಕಳಚಿದರೆ ಒಳಗೆ ತುಂಬಿಕೊಂಡು ಕುಳಿತಿತ್ತು ಒಂದು ಲಿಂಬೆಹಣ್ಣು.

ನಡೆದದ್ದು ಇಷ್ಟು. ಜೀಪಿನಲ್ಲಿ ಹೊಸದಾಗಿ ಕಾಣುವುದು ಮೂಗು, ಆದ್ದರಿಂದ ದೃಷ್ಟಿ ತಾಗುವುದೂ ಮೂಗಿಗೇ ಎಂದು ಮಾವ ಲಿಂಬೆ-ಮೆಣಸಿನಕಾಯಿಯನ್ನು ಪೈಪಿನ ಬಾಯಿಗೇ ಕಟ್ಟಿದ್ದರು. ನಾನು ಬಾಯಿಗೆ ಜಾಳಿಗೆ ಹಾಕಿರಲಿಲ್ಲ. ಎಂಜಿನ್ ಜೋರಾಗಿ ಗಾಳಿ ಎಳೆದಾಗ ದಾರ ಹರಿದು ಎಲ್ಲವೂ ಒಳಗೆ ಹೋಗಿದ್ದವು. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಮಾವನ ತಪ್ಪು ಎಂದು ಹೇಳಬಹುದು ಎಂಬ ವಿಚಾರ ಆಗ ತಲೆಗೇ ಬರಲಿಲ್ಲ.

"ಮೆಣಸಿನಕಾಯಿ ಎಷ್ಟು ಕಟ್ಟಿದ್ರಿ?"

"ಐದು."

ನಾಲ್ಕು ಸಿಕ್ಕವು. ಐದನೆಯದು ಎಂಜಿನ್ ಸೇರಿದೆಯೋ ಏನೋ ಎಂದು ಮತ್ತೊಮ್ಮೆ ಎಣಿಸಿದೆ. ಸೋಸುವ ಡಬ್ಬಿ ಬಿಚ್ಚಿದೆ. ಕೆಳಗಿನ ಬಟ್ಟಲಲ್ಲಿ, ಎಣ್ಣೆಯಲ್ಲಿ ಮುಳುಗಿ ಉದ್ದಕ್ಕೆ ಮಲಗಿತ್ತು. ಮಾವ ಬಗ್ಗಿ ನೋಡಿದರು.

"ಕಡ್ಲಿ ಹಿಟ್ಟು ಅಷ್ಟ ಕಡಿಮಿ ಬಿತ್ತು," ಅಂದರು. "ಇಲ್ಲಂದ್ರ ಭಜಿ ಆಕ್ಕಿತ್ತು."

ಯಾರ ಮೂಗು ಎಲ್ಲಿದೆ

ಪೈಪಿನ ಬಾಯಿಗೆ ಗಟ್ಟಿ ಜಾಳಿಗೆ ಬಿತ್ತು. ಮಾವನಿಗೆ ಮೂಗಿನ ಮೇಲೆ ಪ್ರೀತಿ ಬೆಳೆಯಿತು. ಪ್ರೀತಿಯ ಹಿಂದೆಯೇ ಧೈರ್ಯವೂ ಬಂತು, ಅದು ನನಗೆ ಒಳ್ಳೆಯದಾಗಲಿಲ್ಲ.

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಮುದ್ದೇಬಿಹಾಳದಿಂದ ತಾಳಿಕೋಟೆಗೆ ಇಬ್ಬರೇ ಹೊರಟಿದ್ದೆವು. ಒಳದಾರಿಯ ಒಂದು ಹಳ್ಳ ತುಂಬಿ ಸೇತುವೆಯ ಮೇಲೆ ಕೆಂಪಗೆ ಹರಿಯುತ್ತಿತ್ತು. ಎರಡೂ ದಂಡೆಯಲ್ಲಿ ಗಾಡಿಗಳು ಸುಮ್ಮನೆ ನಿಂತಿದ್ದವು. ಮಾವ ನಿಲ್ಲಿಸಲಿಲ್ಲ, ಸೀದಾ ನೀರಿಗೆ ಇಳಿಸಿದರು.

"ಮಾವಾರ! ನಿಲ್ಸ್ರಿ!"

"ಯಾಕ ಅಂಜತಿ? ಮೂಗು ಟಾಪಿನ ಮ್ಯಾಲೈತಿ. ನೀನ ಹಚ್ಚೀದಿ."

ನೀರು ಜೀಪಿನೊಳಗೆ ಬಂತು. ನಾನು ಕಾಲು ಮಡಚಿ ಸೀಟಿನ ಮೇಲೆ ಕುಳಿತೆ, ಆಮೇಲೆ ಸೀಟಿನ ಮೇಲೆ ನಿಲ್ಲಲು ನೋಡಿದೆ. ಸಾಯುವ ಭಯದಲ್ಲಿ ಮಾವನ ಭಯ ಒಂದು ಕ್ಷಣ ಮರೆತೇಹೋಯಿತು.

"ಮೂಗು ಮ್ಯಾಲ ಇರೂದು ಗಾಡೀದ್ರೀ!" ಎಂದು ಕಿರುಚಿದೆ. "ನಂದು ಎಲ್ಲಿತ್ತೋ ಅಲ್ಲೇ ಐತಿ!"

ಮದುವೆಯಾದ ಮೇಲೆ ಮೊದಲ ಸಲ ಮಾವ ನನ್ನ ಮೂಗನ್ನು ಸರಿಯಾಗಿ ನೋಡಿದರು. ನೀರು ನೋಡಿದರು, ಮತ್ತೆ ಮೂಗು ನೋಡಿದರು. ಜೀಪನ್ನು ಹಿಂದಕ್ಕೆ ತೆಗೆದರು. ದಂಡೆಯಲ್ಲಿ ನಿಂತವರು ಏನಾಯಿತೆಂದು ಕೇಳಿದ್ದಕ್ಕೆ, "ಗಾಡಿಗೇನೂ ಆಗಿಲ್ಲ. ಅಳಿಯ ಗಿಡ್ಡ ಬಿದ್ದ," ಅಂದರು.

ಪಂಚಮಿ

ಪಂಚಮಿ ಬಂತು, ಹೆಂಡತಿ ತವರಿಗೆ ಹೋದಳು. ಹಬ್ಬ ಮುಗಿದ ಮೇಲೆ ಅವಳನ್ನು ಕರೆತರಲು ನಾನು ಹೋದೆ. ಮಾವನೇ ಜೀಪಿನಲ್ಲಿ ಸಿಂದಗಿಯ ತನಕ ಬಿಡುವುದೆಂದು ಮಾತಾಗಿತ್ತು. ಅಂಗಳದಲ್ಲಿ ಬೀಗರು, ಹಿರಿಯರು ಹತ್ತಾರು ಜನ. ಹೆಂಡತಿ ಹಬ್ಬದ ಸಿಹಿ ಉಂಡಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು. ಎಂಜಿನ್ ಗಟ್ಟಿಮುಟ್ಟಾಗಿತ್ತು, ಇನ್ನು ಅರ್ಧ ಗಳಿಗೆಯಲ್ಲಿ ನಾನು ಗೆದ್ದೆ ಅಂದುಕೊಂಡೆ.

ಮಾವ ಹೇಳಿದಂತೆ ನಾನೇ ಸ್ಟೇರಿಂಗ್ ಮುಂದೆ ಕುಳಿತು ಚಾಲೂ ಮಾಡಿದೆ. ಮಾವ ಪೈಪಿನ ಪಕ್ಕ ನಿಂತು, ಬಾನೆಟ್ ಮೇಲೆ ಕೈಯಿಟ್ಟು, "ಒಂದೀಟು ರೇಸ್ ಮಾಡು. ಬೀಗರು ಕೇಳಲಿ," ಅಂದರು.

ರೇಸ್ ಮಾಡಿದೆ. ಕಾಲು ತೆಗೆದೆ. ಎಂಜಿನ್ ಇಳಿಯಲಿಲ್ಲ, ಏರಿತು. ಚಾವಿ ತೆಗೆದೆ, ಇನ್ನೂ ಏರಿತು. ಬಂದ್ ಮಾಡುವ ಕೇಬಲ್ ಎಳೆದೆ, ಕೇಬಲ್ಲೇ ಕೈಗೆ ಬಂತು. ಜೀಪು ನಿಂತಲ್ಲೇ ಹಾರಾಡುತ್ತ ಚೀರತೊಡಗಿತು, ಬಿಳಿ ಹೊಗೆ ಅಂಗಳ ತುಂಬಿತು. ಬೀಗರು ಚಪ್ಪಲಿ ಬಿಟ್ಟು ಓಡಿದರು. ನನ್ನ ಹೆಂಡತಿ ಉಂಡಿ ಡಬ್ಬಿಯನ್ನು ಎದೆಗವಚಿಕೊಂಡು ಓಡಿದಳು, ಗಂಡನನ್ನು ಅಲ್ಲೇ ಬಿಟ್ಟಳು.

"ಮಾವಾರ, ಎಣ್ಣಿ ಬಟ್ಟಲಕ್ಕ ಯಾರರ ಕೈ ಹಚ್ಚಿದ್ರೇನು?"

"ನಾನ ತುಂಬೀನಿ! ಬಾಯಿ ಮಟ್ಟ! ಗೆರಿ ನೋಡಿ ಅರ್ಧಾ ಬಟ್ಟಲ ನೀಡೂದು ನಮ್ಮ ಮನಿತನದಾಗ ಇಲ್ಲ!"

ಹೌದು, ಇದೇ ಮನೆಯಲ್ಲಿ ನಾನು ಸಾಕೆಂದರೂ ನನ್ನ ತಾಟಿಗೆ ನಾಲ್ಕು ಹೋಳಿಗೆ ಬೀಳುತ್ತಿದ್ದವು. ತುಳುಕಿದ ಎಣ್ಣೆಯನ್ನು ಎಂಜಿನ್ ಗಾಳಿಯ ಜೊತೆ ಎಳೆದುಕೊಂಡು ಉರಿಸುತ್ತಿತ್ತು. ಅದಕ್ಕೆ ಚಾವಿ ಬೇಕಿಲ್ಲ, ಡೀಸೆಲ್ ಬೇಕಿಲ್ಲ. ಹೀಗೆಯೇ ಬಿಟ್ಟರೆ ಎಂಜಿನ್ ಒಡೆದು ಚೂರಾಗುತ್ತದೆ. ನಿಲ್ಲಿಸಲು ಒಂದೇ ದಾರಿ, ಉಸಿರು ಕಟ್ಟಬೇಕು.

ಜಿಗಿದು ಹೋಗಿ ಹೆಗಲ ಮೇಲಿನ ಟವೆಲ್ಲನ್ನು ಪೈಪಿನ ಬಾಯಿಗೆ ಒತ್ತಿದೆ. ಹರಕು ಟವೆಲ್ಲು. ಎಂಜಿನ್ ತೂತುಗಳಿಂದಲೇ ಉಸಿರಾಡಿಕೊಂಡು ಚೀರಿತು. ದಪ್ಪ ಬಟ್ಟೆಗಾಗಿ ಸುತ್ತ ನೋಡಿದೆ. ಎಲ್ಲರೂ ಓಡಿಹೋಗಿದ್ದರು. ಓಡುವುದು ಮರ್ಯಾದೆಯಲ್ಲ ಎಂದು ಒಬ್ಬರೇ ಒಬ್ಬರು ನಿಂತಿದ್ದರು. ಅವರ ತಲೆಯ ಮೇಲೆ ಹತ್ತು ಮೊಳ ಬಟ್ಟೆ ಇತ್ತು.

ಅಂಜುಬುರುಕನಾದ ನಾನು ಅದನ್ನು ಹೇಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿ ಮಾವನ ಪಟಗಾ ಕಿತ್ತು, ಮುದ್ದೆ ಮಾಡಿ ಪೈಪಿನ ಬಾಯಿಗೆ ಎರಡೂ ಕೈಯಿಂದ ಒತ್ತಿದೆ. ಜೀಪು ಗುರ್ ಅಂದಿತು, ಗೊರ್ ಅಂದಿತು, ನಡುಗಿ ತಣ್ಣಗಾಯಿತು.

ಕಣ್ಣು ತೆರೆದರೆ ಎದುರಿಗೆ ಮಾವನ ತಲೆ, ಬಿಳಿ, ನುಣ್ಣಗೆ, ಅದರ ನಡುವೆ ಮೂರೇ ಮೂರು ಕೂದಲು. ಬೀಗರೊಬ್ಬರು ಗೋಡೆಯ ಹಿಂದಿನಿಂದ, "ಅಳಿಯ ಪಟಗಾಕ್ಕ ಕೈ ಹಾಕಿದನಲೋ!" ಅಂದರು. ನನ್ನ ಸಂಸಾರ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮಾವ ಪೈಪನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ಎಲ್ಲೂ ಸಂದಿ ಇದ್ದಿದ್ರ ಬಂದ್ ಆಗತಿದ್ದಿಲ್ಲ. ಹೌದಲ್ಲ?"

"ಹೌ... ಹೌದ್ರಿ."

"ಎಣ್ಣಿ ಗೆರೀ ಮಟ್ಟ ತಗಿ. ಚಾಲೂ ಮಾಡು."

ಹೆಚ್ಚಿನ ಎಣ್ಣೆ ತೆಗೆದೆ, ಡಬ್ಬಿ ಪೈಪು ಎಲ್ಲ ಒರೆಸಿ ಜೋಡಿಸಿದೆ, ಕೇಬಲ್ ಕಟ್ಟಿದೆ. ಚಾವಿ ತಿರುಗಿಸಿದೆ. ಜೀಪು ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ಓಡಿತು. ಮಾವ ಮಗಳತ್ತ ತಿರುಗಿ, "ಹತ್ತು," ಅಂದರು. ಅವಳು ಡಬ್ಬಿಯ ಸಮೇತ ಹತ್ತಿದಳು. ನನಗೆ ಅಳು ಬಂತು.

ಮಾವ ಒಳಗೆ ಹೋಗಿ ಬಂದರು. ತಲೆಯ ಮೇಲೆ ಹೊಸ ಪಟಗಾ, ಕೈಯಲ್ಲಿ ಎಣ್ಣೆ ಕುಡಿದ ಹಳೆಯದು, ನೀಟಾಗಿ ಮಡಚಿದ್ದು. ಅದನ್ನು ನನ್ನ ಮುಂದೆ ಹಿಡಿದರು.

"ಇದನ್ನ ಪಾನಾ ಪೆಟಗ್ಯಾಗ ಇಡು. ಇದು ಜೀಪಿಂದು," ಅಂದರು. ಆಮೇಲೆ ತಲೆ ಮುಟ್ಟಿಕೊಂಡು, "ಇದು ನಂದು. ಅದಲ ಬದಲ ಮಾಡಬ್ಯಾಡ."