ಮನೆಯಲ್ಲಿಲ್ಲದ ಗ್ರೈಂಡರ್

ಕೆಲವರ ಬಾಯಿ ಎಚ್ಚರವಿದ್ದಾಗ ತೊಂದರೆ ತರುತ್ತದೆ, ನನ್ನದು ನಿದ್ದೆಯಲ್ಲಿ ತರುತ್ತದೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ.

೧. ಓನರ್ ಆಂಟಿಯ ಕಿವಿ

ಬನಶಂಕರಿಯಲ್ಲಿ ನಾವಿರುವುದು ಮೊದಲ ಮಹಡಿಯಲ್ಲಿ, ಓನರ್ ಆಂಟಿ ಕೆಳಗೆ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುವ ಸದ್ದು ಕಿಟಕಿ ದಾಟಿ ಅವರಿಗೂ ಕೇಳಿಸುತ್ತಿತ್ತಂತೆ. ಒಂದು ಬೆಳಿಗ್ಗೆ ಮೇಲೆ ಬಂದು, ರಾತ್ರಿಯೆಲ್ಲ ಅದೇನು ಗರಗರ ಎಂದು ನನ್ನ ಹೆಂಡತಿಯನ್ನು ಕೇಳಿದರು. ಗಂಡ ಹಲ್ಲು ಕಡಿಯುತ್ತಾನೆ ಅಂದರೆ ಸಂಸಾರದಲ್ಲಿ ಜಗಳ ಅಂದುಕೊಂಡಾರು ಎಂದು ಅವಳಿಗೆ ಗಾಬರಿ. "ಗ್ರೈಂಡರ್ ಆಂಟಿ, ದೋಸೆಗೆ ರುಬ್ತಿದ್ದೆ" ಅಂದುಬಿಟ್ಟಳು.

ಬಯ್ಯುವುದಿರಲಿ, ಆಂಟಿಯ ಮುಖ ಅರಳಿತು. ಈ ಕಾಲದಲ್ಲೂ ಮನೆಯಲ್ಲೇ ರುಬ್ಬುತ್ತೀಯಲ್ಲ ಎಂದು ಹೊಗಳಿ, ಭಾನುವಾರ ತಮಗೂ ಒಂದು ಡಬ್ಬಿ ಕೊಡು ಅಂದರು. ನಮ್ಮ ಮನೆಯಲ್ಲಿ ಗ್ರೈಂಡರೇ ಇಲ್ಲ. ಅಂದಿನಿಂದ ನಾನು ವಾರವಾರ ಅಂಗಡಿಯ ಹಿಟ್ಟಿನ ಪ್ಯಾಕೆಟ್ಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಆಂಟಿಯ ಬಾಗಿಲ ಮುಂದೆಯೇ ಮೆಟ್ಟಿಲು ಹತ್ತತೊಡಗಿದೆ. ಹೊಟ್ಟೆ ಬರ್ತಿದೆ, ದೋಸೆ ಸ್ವಲ್ಪ ಕಮ್ಮಿ ಮಾಡಪ್ಪ ಎಂದು ಅವರೇ ಬುದ್ಧಿ ಹೇಳಿದರು.

೨. ಆಫೀಸಿನ ದಾರಿ

ಅಷ್ಟರಲ್ಲಿ ದವಡೆ ಹಲ್ಲೊಂದು ಬಿರುಕು ಬಿಟ್ಟಿತು. ಹೀಗೇ ಕಡಿದರೆ ಸೀಳುತ್ತದೆ, ಕೀಳಬೇಕಾಗುತ್ತದೆ ಎಂದು ಜಯನಗರದ ಹಲ್ಲಿನ ಡಾಕ್ಟರು ಹೇಳಿದಾಗ ನಿಜಕ್ಕೂ ಹೆದರಿದೆ. ಟೆನ್ಶನ್ ಇದೆಯಾ ಅಂದರು. ಏನೂ ಇಲ್ಲ ಅಂದೆ. ಆಫೀಸಿಗೆ ಯಾವ ದಾರಿ ಅಂದರು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಕೊಂಡು ಅಂದೆ. ಮುಂದೆ ಒಂದೂ ಪ್ರಶ್ನೆ ಕೇಳದೆ, ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಗಾರ್ಡಿಗೆ ಅಚ್ಚು ತೆಗೆದುಕೊಂಡರು.

೩. ಎಂಜಲು

ಗಾರ್ಡನ್ನು ತೊಳೆದು ಅಡುಗೆಮನೆಯ ಲೋಟದಲ್ಲಿ ಇಟ್ಟಿದ್ದೆ. ಬಸವನಗುಡಿಯಿಂದ ಬಂದಿದ್ದ ಅಮ್ಮನ ಕಣ್ಣಿಗೆ ಬಿತ್ತು. ಎಂಜಲು ಸಾಮಾನು ಒಲೆಯ ಪಕ್ಕದಲ್ಲಾ ಎಂದು ಬೈದು, ಕುದಿಯುವ ನೀರು ಸುರಿದು ಶುದ್ಧ ಮಾಡಿದರು. ಅದು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಟಿಕೊಂಡಿತು. ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿ, ಇದು ಮೇಲಿನ ದವಡೆಯದಾ, ಕೆಳಗಿನದಾ ಎಂದು ನನ್ನನ್ನೇ ಕೇಳಿದರು. ಅಮ್ಮನಿಗೆ ಮಾತ್ರ ಒಂದಿಷ್ಟೂ ಬೇಜಾರಿಲ್ಲ. "ಹಾಳಾದ್ರೆ ಆಗ್ಲಿ, ಎಂಜಲು ಹೋಯ್ತಲ್ಲ" ಅಂದರು.

೪. ಅಳಿಯನಿಗೆ ದೋಸೆ

ಹೊಸ ಗಾರ್ಡ್ ಬಂತು. ಸದ್ದು ನಿಂತಿತು, ಹಲ್ಲುನೋವೂ ಇಳಿಯಿತು. ರುಬ್ಬುವ ಸದ್ದೇ ಇಲ್ಲದೆ ಹಿಟ್ಟು ಎಲ್ಲಿಂದ ಬಂತು ಎಂದು ಆಂಟಿ ಕೇಳಿಯಾರೆಂದು ಹೆಂಡತಿ ಡಬ್ಬಿ ಕೊಡುವುದನ್ನೂ ನಿಲ್ಲಿಸಿದಳು. ಆಂಟಿ ಸಪ್ಪೆ ಮುಖ ಮಾಡಿಕೊಂಡು ಮೇಲೆ ಬಂದರು. ಗ್ರೈಂಡರ್ ಕೆಟ್ಟಿದೆಯಾ, ಭಾನುವಾರ ಮಗಳು ಅಳಿಯ ಬರುತ್ತಾರೆ, ನಿನ್ನ ಹಿಟ್ಟಿನದೇ ದೋಸೆ ಅಂತ ಹೇಳಿಬಿಟ್ಟಿದ್ದೇನೆ ಎಂದು ಗೋಗರೆದರು.

ಶನಿವಾರ ಊಟವಾದ ಮೇಲೆ ನೋಡಿದರೆ ಗಾರ್ಡಿನ ಡಬ್ಬಿ ಹೆಂಡತಿಯ ಕೈಯಲ್ಲಿತ್ತು.

"ಪ್ಯಾಕೆಟ್ ತಂದಿಟ್ಟಿದೀನಿ. ಇವತ್ತೊಂದಿನ ಇದು ಬೇಡ ರೀ."

"ಹಲ್ಲು ಸೀಳಿದ್ರೆ?"

"ಒಂದೇ ರಾತ್ರಿಗೆ ಹಲ್ಲು ಹೋಗಲ್ಲ. ಮರ್ಯಾದೆ ಹೋಗುತ್ತೆ."

ಗಾರ್ಡ್ ಇಲ್ಲದೆ ಮಲಗಿದೆ. ಭಾನುವಾರ ಆಂಟಿ ತಟ್ಟೆ ತುಂಬ ದೋಸೆ ಹಿಡಿದು ಬಂದಾಗ, ನಾನು ಊದಿದ ಕೆನ್ನೆ ಹಿಡಿದುಕೊಂಡೇ ಬಾಗಿಲು ತೆಗೆದೆ. ಅವರ ಕಣ್ಣೆಲ್ಲ ನನ್ನ ಹೆಂಡತಿಯ ಮೇಲೆ.

"ಅಂಗಡಿ ಪ್ಯಾಕೆಟ್ಟಲ್ಲಿ ಈ ರುಚಿ ಎಲ್ಲಿ ಬರುತ್ತಮ್ಮ? ರಾತ್ರಿ ಸದ್ದು ಕೇಳಿದಾಗ್ಲೇ ಅಂದ್ಕೊಂಡೆ, ಹಿಟ್ಟು ಸಖತ್ ನುಣ್ಣಗಾಗುತ್ತೆ ಅಂತ. ಇನ್ಮೇಲೆ ವಾರಕ್ಕೆ ಎರಡು ಸಲ ರುಬ್ಬು."